ಬಾಲದ ಸಮಿತಿಯ ಕರಡಕ್ಕ

ನಿಘಂಟು ಕಚೇರಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕರಡು ತಿದ್ದುವ ಕೆಲಸದವರು, ಹಾಗಾಗಿ ಕರಡಕ್ಕ. ಮೊದಲು ಹಾಗೆ ಕರೆದವನು ನಾನೇ. ನಾನು ಅಲ್ಲಿ ಅಕ್ಷರ ಜೋಡಿಸುತ್ತಿದ್ದೆ. ನನ್ನ ಕಂಪ್ಯೂಟರಿಗೂ ಅವರ ಮೇಜಿಗೂ ನಡುವೆ ಒಂದು ಕಬ್ಬಿಣದ ಕಪಾಟು, ಅಷ್ಟೇ. ಹತ್ತೊಂಬತ್ತು ವರ್ಷ ನನ್ನ ತಪ್ಪುಗಳನ್ನೆಲ್ಲ ಅವರು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿ ವಾಪಸು ಕಳಿಸಿದರು. ಒಂದು ದಿನವೂ ದನಿ ಎತ್ತರಿಸಿದವರಲ್ಲ.

ಅವರು ಓದುವ ರೀತಿಯೇ ಬೇರೆ. ಸಾಲಿನ ಕೆಳಗೆ ಮರದ ಅಡ್ಡಪಟ್ಟಿ ಇಟ್ಟುಕೊಂಡು ಪುಟವನ್ನು ಒಮ್ಮೆ ಮೇಲಿನಿಂದ ಓದುತ್ತಿದ್ದರು. ಆಮೇಲೆ ಕೊನೆಯ ಪದದಿಂದ ಶುರುಮಾಡಿ ಹಿಂದುಹಿಂದಕ್ಕೆ ಮೊದಲ ಪದದವರೆಗೆ ಹೋಗುತ್ತಿದ್ದರು. ಯಾಕಕ್ಕ ಹೀಗೆ ಎಂದು ಕೇಳಿದ್ದಕ್ಕೆ, "ಮುಂದಿನಿಂದ ಓದಿದ್ರೆ ಅರ್ಥ ಎಳ್ಕೊಂಡು ಹೋಗ್ಬಿಡುತ್ತೆ. ಇರೋದನ್ನ ಓದಲ್ಲ, ಇರಬೇಕಾದ್ದನ್ನ ಓದ್ತೀವಿ" ಎಂದಿದ್ದರು.

ಈ ಕೆಲಸಕ್ಕೆ ಅವರನ್ನು ತಂದು ಸೇರಿಸಿದವರು ಅವರ ಗಂಡನ ಅಣ್ಣ. ಊರಿಗೆಲ್ಲ ತಂತಿ ಮೇಷ್ಟ್ರು. ಮೊದಲು ತಂತಿ ಕಚೇರಿಯಲ್ಲಿದ್ದರು. ತಂತಿ ಕಳಿಸುವವರೇ ಕಡಿಮೆಯಾಗುತ್ತ ಬಂದಾಗ, ನಲವತ್ತಾರನೆಯ ವಯಸ್ಸಿನಲ್ಲಿ, ಕಂಪ್ಯೂಟರ್ ಕಲಿತು ತಾಂತ್ರಿಕ ಶಾಲೆಯೊಂದರಲ್ಲಿ ಪಾಠ ಹೇಳತೊಡಗಿದರು. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿಲ್ಲ. ತಮ್ಮನ ಮನೆಯ ಮುಂದಿನ ಕೋಣೆಯೇ ಅವರ ಸಂಸಾರ. ಕರಡಕ್ಕ ಹತ್ತೊಂಬತ್ತನೆಯ ವಯಸ್ಸಿಗೆ ಓದು ಅರ್ಧಕ್ಕೆ ಬಿಟ್ಟು ಆ ಮನೆಗೆ ಬಂದವರು. ಪುಸ್ತಕ ಮತ್ತೆ ಕೈಗೆ ಕೊಟ್ಟು, ಪಾಠ ಹೇಳಿ, ಪರೀಕ್ಷೆಗೆ ಕೂರಿಸಿದವರು ಭಾವನೇ. ಬಸ್ ಡಿಪೋದಲ್ಲಿ ಬಂದುಹೋಗುವ ಬಸ್ಸುಗಳ ವೇಳೆ ಬರೆಯುತ್ತಿದ್ದ ಗಂಡ ಮಾತು ಕಡಿಮೆಯ ಮನುಷ್ಯ. ಅಣ್ಣ ಹೇಳಿದ್ದಕ್ಕೆ ಎರಡು ಮಾತಿಲ್ಲ. "ಇವಳ ಕಣ್ಣಿಗೆ ತಪ್ಪು ತಾನಾಗೇ ಬಂದು ಬೀಳುತ್ತೆ" ಎಂದು ನಮ್ಮ ಸಂಪಾದಕರ ಹತ್ತಿರ ಶಿಫಾರಸು ಮಾಡಿದ್ದರಂತೆ ಮೇಷ್ಟ್ರು. ಸಂಪಾದಕರು ಪರೀಕ್ಷೆಗೆಂದು ಕೊಟ್ಟ ಪುಟದಲ್ಲಿ ಅವರೇ ಬೇಕೆಂದು ಬಿಟ್ಟಿದ್ದ ಎಂಟು ತಪ್ಪುಗಳ ಜೊತೆಗೆ, ಅವರಿಗೆ ಗೊತ್ತಿಲ್ಲದ ಮೂರನ್ನೂ ಈಕೆ ಹುಡುಕಿಕೊಟ್ಟರು.

ಬಾಲದ ಕಥೆ ಶುರುವಾದದ್ದು ಒಂದು ಪತ್ರಿಕೆಯ ತುಣುಕಿನಿಂದ. ಮೇಷ್ಟ್ರು ಅದನ್ನು ಹಿಡಿದುಕೊಂಡು ನಮ್ಮ ಮೂರನೆಯ ಮಹಡಿಗೆ ಏದುಸಿರು ಬಿಡುತ್ತ ಹತ್ತಿ ಬಂದರು. ಇಂಟರ್ನೆಟ್ಟಿನ ವಿಳಾಸದಲ್ಲಿ ಕೊನೆಗೊಂದು ಚುಕ್ಕೆ, ಅದರಾಚೆ ಮೂರು ನಾಲ್ಕು ಅಕ್ಷರ ಇರುತ್ತವಲ್ಲ, ಅಂಥ ಬಾಲಗಳು ಆಗ ಇದ್ದದ್ದೇ ಕೆಲವು, ಎಲ್ಲವೂ ಪರದೇಶದ ಅಕ್ಷರದವು. ಅವನ್ನು ಹಂಚುವ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇತ್ತು. ಅದರ ಉದ್ದನೆಯ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲವಾಗಿ ನಾವು ಹೆಸರು ಮಂಡಳಿ ಎನ್ನುತ್ತಿದ್ದೆವು. ಇನ್ನೆರಡು ವರ್ಷದಲ್ಲಿ ಹೊಸ ಬಾಲಗಳಿಗೆ ಬಾಗಿಲು ತೆರೆಯುತ್ತೇವೆ, ಎಲ್ಲ ಲಿಪಿಗಳವರೂ ಅರ್ಜಿ ಹಾಕಬಹುದು ಎಂದು ಮಂಡಳಿ ಹೇಳಿತ್ತು.

"ನಮ್ಮ ಭಾಷೆಯ ಹೆಸರು, ನಮ್ಮ ಅಕ್ಷರದಲ್ಲಿ. ಚುಕ್ಕೆಯಿಂದ ಆಚೆಗೂ ನಾವೇ" ಎಂದರು ಮೇಷ್ಟ್ರು.

ಅವರಿಗೆ ಅದು ಬರೀ ಅಭಿಮಾನದ ಮಾತಾಗಿರಲಿಲ್ಲ. ತಂತಿಯ ಕಾಲದಲ್ಲಿ ನಮ್ಮ ಮಾತನ್ನು ಪರಭಾಷೆಯ ಅಕ್ಷರದಲ್ಲಿ ಬರೆದೇ ಕಳಿಸಬೇಕಿತ್ತು. ಒಮ್ಮೆ ದೂರದೂರಿನ ಮಗನೊಬ್ಬ ಮನೆಗೆ ಬರುವುದಾಗಿ ತಂತಿ ಕೊಟ್ಟಿದ್ದ. ಸ್ವರವೊಂದು ಹೆಚ್ಚುಕಡಿಮೆಯಾಗಿ ಅದು ಬರುವುದಿಲ್ಲ ಎಂದು ಓದುವಂತಾಯಿತು. ಅವನು ನಿಲ್ದಾಣದಲ್ಲಿ ಇಳಿದು, ಯಾರೂ ಬರಲಿಲ್ಲವೆಂದು ಆರು ಗಂಟೆ ಕಾದು, ಮನೆಯವರಿಗೆ ತಾನು ಬೇಡವಾದೆ ಅಂದುಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದ. ತಂತಿ ಬರೆದುಕೊಂಡ ಕೈ ಮೇಷ್ಟ್ರದು. ಈ ಕಥೆಯನ್ನು ಅವರು ನಗುತ್ತಾ ಹೇಳಲು ಶುರುಮಾಡಿ ನಗದೆ ಮುಗಿಸುತ್ತಿದ್ದರು.

ಐದು ಜನರ ಸಮಿತಿಯಾಯಿತು. ಮೇಷ್ಟ್ರು, ನಮ್ಮ ಸಂಪಾದಕರು, ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು, ಗ್ರಂಥಾಲಯದವರೊಬ್ಬರು, ಕರಡಕ್ಕ. ಕಾಗದದ ಮೇಲೆ ಅದಕ್ಕೊಂದು ಘನವಾದ ಹೆಸರಿತ್ತು. ಕಚೇರಿಯಲ್ಲಿ ಅದು ಬಾಲದ ಸಮಿತಿ.

ಎರಡು ವರ್ಷ ಎಂದದ್ದು ಮೂರಾಯಿತು, ನಾಲ್ಕಾಯಿತು. ಮೊದಲು ದೊಡ್ಡ ಕಂಪನಿಗಳ ವಕೀಲರು ಅಡ್ಡ ಬಂದರು: ಹೊಸ ಬಾಲ ಬಂದಾಗಲೆಲ್ಲ ನಮ್ಮ ಹೆಸರನ್ನು ಇನ್ಯಾರೋ ಅದಕ್ಕೆ ಅಂಟಿಸಿಕೊಳ್ಳುತ್ತಾರೆ, ಎಷ್ಟು ಕಡೆ ಕಾವಲು ಕೂರುವುದು ಎಂದರು. ಆಮೇಲೆ ವಂಚನೆ ಹಿಡಿಯುವವರು ಬಂದರು, ಕಳ್ಳರಿಗೆ ಹೊಸ ಓಣಿ ತೆರೆದಂತಾಗುತ್ತದೆ ಎಂದರು. ಊರುಗಳ ಹೆಸರು ಯಾರ ಸ್ವತ್ತು ಎಂದು ಸರಕಾರಗಳು ಕೇಳಿದವು. ಒಮ್ಮೆಲೇ ಸಾವಿರ ಬಾಲ ಸೇರಿಸಿದರೆ ಇಡೀ ವ್ಯವಸ್ಥೆ ತಡೆದುಕೊಳ್ಳುತ್ತದೆಯೇ ಎಂದು ತಂತ್ರಜ್ಞರು ತಲೆ ಕೆರೆದುಕೊಂಡರು. ಒಂದೊಂದು ಪ್ರಶ್ನೆಗೂ ಒಂದು ಅಧ್ಯಯನ. ಅಧ್ಯಯನದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ ಅರವತ್ತು ದಿನ, ಯಾರಾದರೂ ಕೇಳಿಕೊಂಡರೆ ಇನ್ನೂ ನಲವತ್ತೈದು. ಅವರು ಕೇಳಿದ್ದರಲ್ಲಿ ಎಲ್ಲವೂ ಸುಳ್ಳು ನೆಪ ಎಂದು ನಾನು ಹೇಳಲಾರೆ. ಆದರೆ ಆ ಪ್ರಶ್ನೆ ಹಾಕಿದವರೆಲ್ಲರ ಹತ್ತಿರವೂ ಆಗಲೇ ಒಂದೊಂದು ವಿಳಾಸವಿತ್ತು. ಕಾಯಬೇಕಾದವರು ನಾವು.

ಪ್ರತಿ ಸಲವೂ ಮೇಷ್ಟ್ರು ಪತ್ರ ಬರೆಯುತ್ತಿದ್ದರು. ಕರಡಕ್ಕ ತಿದ್ದುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಇಪ್ಪತ್ತಮೂರು ಪತ್ರ. ಎಲ್ಲದಕ್ಕೂ ಬಂದ ಉತ್ತರ ಒಂದೇ: ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ.

ಬೀದಿಯ ಮೂಲೆಯ ಕ್ಷೌರದಂಗಡಿಯವನು ಮೇಷ್ಟ್ರನ್ನು ಕಂಡಾಗಲೆಲ್ಲ, "ಬಾಲ ಬಂತಾ ಮೇಷ್ಟ್ರೇ?" ಎನ್ನುತ್ತಿದ್ದ.

"ಮೊಳಕೆ ಒಡೀತಾ ಇದೆಯಪ್ಪಾ, ಕೂತ್ಕೊಂಡ್ರೆ ಸ್ವಲ್ಪ ಒತ್ತುತ್ತೆ" ಎನ್ನುತ್ತಿದ್ದರು ಅವರೂ. ಅಂಗಡಿಯ ತುಂಬ ನಗೆ. ಮನೆಗೆ ಬಂದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದರಂತೆ.

ಆರನೆಯ ವರ್ಷ ಮಂಡಳಿಯಿಂದ ಒಂದು ಸುತ್ತೋಲೆ ಬಂತು. ಪ್ರತಿಯೊಂದು ಲಿಪಿಯವರೂ ತಮ್ಮ ಅಕ್ಷರಗಳಲ್ಲಿ ಒಂದರಂತೆ ಒಂದು ಕಾಣುವ ಜೋಡಿಗಳ ಪಟ್ಟಿ ಕಳಿಸಬೇಕು. ಅದು ಮುಗಿದರೆ ಬಾಗಿಲು ತೆರೆಯುತ್ತದೆ. ಮೇಷ್ಟ್ರ ಮುಖದಲ್ಲಿ ಅಂಥ ಬೆಳಕನ್ನು ನಾನು ಮುಂಚೆ ಕಂಡಿರಲಿಲ್ಲ. "ಅಂಥ ಕಣ್ಣಿನವಳು ನಮ್ಮ ಮನೇಲೇ ಇದಾಳೆ" ಎಂದು ಕೆಲಸವನ್ನು ಕರಡಕ್ಕನಿಗೆ ವಹಿಸಿದರು.

ಹನ್ನೊಂದು ತಿಂಗಳು ಹಿಡಿಯಿತು. ಕಚೇರಿಯ ಕೆಲಸ ಮುಗಿಸಿ ಸಂಜೆ ಒಂದೊಂದು ಗಂಟೆ ಕೂರುತ್ತಿದ್ದರು. ಪ್ರತಿ ಅಕ್ಷರವನ್ನೂ ಪ್ರತಿ ಅಕ್ಷರದ ಪಕ್ಕ ಇಟ್ಟು ನೋಡಿದರು. ದೊಡ್ಡ ಅಕ್ಷರದಲ್ಲಿ, ಸಣ್ಣ ಅಕ್ಷರದಲ್ಲಿ, ಬೇರೆ ಬೇರೆ ಅಚ್ಚುಗಳಲ್ಲಿ. ಕೊನೆಗೆ ಗಾಜು ಸೀಳಿದ ಒಂದು ಹಳೆಯ ಫೋನು ತಂದು ಅದರಲ್ಲೂ ನೋಡಿದರು. "ಎಲ್ಲರ ಹತ್ರಾನೂ ನಿಮ್ಮ ಕಂಪ್ಯೂಟರ್ ಇರುತ್ತಾ?" ಎಂದು ನನ್ನನ್ನೇ ಕೇಳಿದರು. ಅರವತ್ತಮೂರು ಜೋಡಿ ಸಿಕ್ಕಿದವು.

ಅರವತ್ತಮೂರನೆಯದರಲ್ಲೇ ಬಂತು ತೊಡಕು. ಎರಡು ಅಕ್ಷರ; ಒಂದರ ಹೊಟ್ಟೆಯಲ್ಲಿ ಒಂದು ಸಣ್ಣ ಗೀಟು, ಇನ್ನೊಂದರಲ್ಲಿ ಇಲ್ಲ. ಅವುಗಳಲ್ಲಿ ಒಂದು ನಾವು ಕೇಳಿದ್ದ ಬಾಲದೊಳಗೇ ಇತ್ತು. ಆ ಗೀಟೊಂದನ್ನು ಹೆಚ್ಚುಕಡಿಮೆ ಮಾಡಿ ಅದೇ ಬಾಲವನ್ನು ಇನ್ಯಾರಾದರೂ ಪಡೆದರೆ, ಓದುವವರಿಗೆ ಎರಡೂ ಒಂದೇ. ನಮ್ಮ ಊರಿನ ಶಾಲೆಯದೋ ಆಸ್ಪತ್ರೆಯದೋ ವಿಳಾಸ ಅಂದುಕೊಂಡು ಜನ ಬೇರೆಯವರ ಬಾಗಿಲಿಗೆ ಹೋಗಿ ನಿಂತಿರುತ್ತಾರೆ.

ಕೊನೆಯ ಪುಟ ನನ್ನ ಪರದೆಯ ಮೇಲಿತ್ತು. ಮೇಷ್ಟ್ರು ಬಂದು ಬೆನ್ನ ಹಿಂದೆ ನಿಂತು ಓದಿದರು.

"ಅರವತ್ತೆರಡಕ್ಕೆ ನಿಲ್ಲಿಸು" ಎಂದರು.

ಕರಡಕ್ಕ ಮೇಜಿನಿಂದೆದ್ದು ಬಂದರು. "ಅರವತ್ತಮೂರಿದೆ ಭಾವ."

"ಇದು ಯಾರಿಗೂ ಗೊಂದಲ ಆಗಲ್ಲ. ಒಂದನೇ ಕ್ಲಾಸಿನ ಮಗೂಗೂ ವ್ಯತ್ಯಾಸ ಗೊತ್ತು."

"ಪುಸ್ತಕದಲ್ಲಿ ಗೊತ್ತಾಗುತ್ತೆ. ಫೋನಲ್ಲಿ ನನಗೇ ಗೊತ್ತಾಗ್ಲಿಲ್ಲ." ನನ್ನತ್ತ ಕೈ ತೋರಿಸಿದರು. "ಇವರ ಕೈಲಿ ಎರಡನ್ನೂ ಹಿಂದೆಮುಂದೆ ಮಾಡಿಸಿ ಹನ್ನೆರಡು ಸಲ ನೋಡ್ದೆ, ಐದು ಸಲ ತಪ್ಪು ಹೇಳ್ದೆ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ದನಿ ತಗ್ಗಿಸಿದರು. "ನೋಡಮ್ಮಾ, ಅವರಿಗೆ ತಡ ಮಾಡೋಕೆ ಒಂದು ನೆಪ ಬೇಕು. ಆರು ವರ್ಷದಿಂದ ಎಲ್ಲೆಲ್ಲಿಂದಾನೋ ಹುಡುಕಿ ತರ್ತಾ ಇದಾರೆ. ಈ ಸಲ ನೆಪಾನ ನಮ್ಮ ಮನೆಯಿಂದಲೇ ಕಳಿಸೋದಾ?"

"ನೆಪ ಅಲ್ವಲ್ಲ ಭಾವ. ಇರೋದು."

"ಆಮೇಲೆ ಸೇರಿಸಿದ್ರಾಯ್ತು. ಬಾಗಿಲು ತೆರೀಲಿ ಮೊದ್ಲು."

"ಆಮೇಲೆ ಯಾರೂ ಸೇರಿಸಲ್ಲ."

ಕರಡಕ್ಕ ಮುಂದೆ ಹೇಳಿದ್ದು ನನಗೆ ಮಾತು ಮಾತಿಗೂ ನೆನಪಿದೆ: "ನಿಮಗೆ ಬೇಡ ಅನ್ಸಿದ್ರೆ ಪಟ್ಟಿಯಿಂದ ನನ್ನ ಹೆಸರು ತೆಗೀರಿ. ಜೋಡಿ ತೆಗೀಬೇಡಿ."

ಮೇಷ್ಟ್ರು ಎದ್ದು ಹೋದರು. ನನ್ನ ಬೆರಳು ಅಳಿಸುವ ಗುಂಡಿಯ ಹತ್ತಿರವೇ ಇತ್ತು. ನನ್ನನ್ನು ಕೇಳಿದ್ದರೆ ಅಳಿಸಿಬಿಡುತ್ತಿದ್ದೆ, ನಿಜ ಹೇಳಬೇಕೆಂದರೆ. ಕರಡಕ್ಕ "ಪ್ರಿಂಟ್ ಕೊಡಿ" ಎಂದರು. ಕೊಟ್ಟೆ. ಪಟ್ಟಿ ಹಾಗೆಯೇ ಹೋಯಿತು. ಮಂಡಳಿ ಇಂಥ ಜೋಡಿಗಳಿಗೆ ಪರಿಹಾರವನ್ನೂ ಕೇಳಿತ್ತು. ಅರವತ್ತಮೂರರ ಮುಂದೆ ಕರಡಕ್ಕ ಒಂದೇ ಸಾಲು ಬರೆದಿದ್ದರು: ಒಂದು ಬಾಲ ಯಾರಿಗೆ ಸಿಗುತ್ತದೋ ಅದರ ಅವಳಿ ಬೇರೆ ಯಾರಿಗೂ ಸಿಗಬಾರದು.

ಮೂರು ತಿಂಗಳಾದ ಮೇಲೆ ವಿಚಾರಣೆ. ಬಾಗಿಲು ಈಗ ತೆರೆಯಬೇಕೋ ಇನ್ನೂ ಕಾಯಬೇಕೋ ಎಂದು ಎರಡೂ ಕಡೆಯವರು ಮಾತಾಡುವುದು. ನಾವು ಕಚೇರಿಯ ಸಭಾಕೊಠಡಿಯಲ್ಲಿ ಪರದೆ ಕಟ್ಟಿಕೊಂಡು ಮಧ್ಯಾಹ್ನ ಮೂರಕ್ಕೆ ಕೂತೆವು. ಪರದೆಯ ತುಂಬ ಬೆಂಕಿಪೊಟ್ಟಣದಷ್ಟಷ್ಟೇ ಮುಖಗಳು. ಒಬ್ಬೊಬ್ಬರಿಗೆ ಮೂರು ನಿಮಿಷ. ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ನಮ್ಮ ಹಾಗೆಯೇ ಕಾದಿದ್ದವರು ಎಲ್ಲೆಲ್ಲಿಯವರೋ ಮಾತಾಡಿದರು. ಒಬ್ಬ ಹೆಂಗಸು, ನಾನು ಅರ್ಜಿಯ ಮೊದಲ ಕರಡು ಬರೆದಾಗ ನನ್ನ ಮಗಳು ಹುಟ್ಟಿರಲಿಲ್ಲ, ಈಗ ಅವಳೇ ನನಗೆ ಈ ಮೈಕು ಹಚ್ಚಿಕೊಟ್ಟಳು ಎಂದಳು. ಯಾರೋ ನಕ್ಕರು. ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಆ ತಂತಿಯ ಮಗನ ಕಥೆ ಹೇಳಿದರು.

ಆಮೇಲೆ ಕಂಪನಿಗಳ ಕಡೆಯ ವಕೀಲ. ಸಭ್ಯ ಮನುಷ್ಯ, ಮೆಲುದನಿ. ನಮ್ಮ ಪಟ್ಟಿಯ ಕೊನೆಯ ಪುಟವನ್ನೇ ಕೈಯಲ್ಲಿ ಕ್ಯಾಮೆರಾದ ಮುಂದೆ ಹಿಡಿದ. "ಅರ್ಜಿದಾರರ ಸ್ವಂತ ತಜ್ಞರೇ ಒಪ್ಪಿದ್ದಾರೆ, ಅವರು ಕೇಳಿದ ಹೆಸರೇ ಸುರಕ್ಷಿತವಲ್ಲ. ಒಂದು ಲಿಪಿಯಲ್ಲೇ ಹೀಗಾದರೆ ಉಳಿದವುಗಳ ಗತಿ? ಇನ್ನೊಂದು ಅಧ್ಯಯನ ಅಗತ್ಯ." ದುಭಾಷಿಯ ಬಾಯಲ್ಲಿ ಆ ಮಾತು ಇನ್ನೂ ತಣ್ಣಗೆ ಕೇಳಿತು.

ಅಧ್ಯಕ್ಷರು ಕರಡಕ್ಕನನ್ನು ಕರೆದರು. ಅವರು ಕೈಯಲ್ಲಿದ್ದ ಚೀಟಿಯನ್ನು ನೋಡಲೇ ಇಲ್ಲ.

"ನಾನು ತಡ ಮಾಡಿ ಅಂತ ಹೇಳ್ಲಿಲ್ಲ. ಈ ಎರಡನ್ನೂ ಬೇರೆ ಬೇರೆಯವರಿಗೆ ಕೊಡಬೇಡಿ ಅಂತ ಹೇಳ್ದೆ. ಅದಕ್ಕೊಂದು ಸಾಲು ಸಾಕು. ಬರೆದೂ ಕೊಟ್ಟಿದೀನಿ. ಅವರು ಪುಟ ಹಿಡ್ಕೊಂಡಿರೋ ಕಡೆ ಅವರ ಹೆಬ್ಬೆರಳಿದೆಯಲ್ಲ, ಅದರ ಕೆಳಗಿದೆ ಆ ಸಾಲು."

ದುಭಾಷಿ ಎರಡನೆಯ ವಾಕ್ಯದಲ್ಲೇ ತಡವರಿಸಿದ. ಹೆಬ್ಬೆರಳಿನ ಮಾತು ಆಚೆ ತಲುಪುವ ಹೊತ್ತಿಗೆ ವಕೀಲ ಪುಟ ಕೆಳಗಿಟ್ಟಾಗಿತ್ತು. ಗಡಿಯಾರ ಸೊನ್ನೆಗೆ ಬಂತು. ಅಧ್ಯಕ್ಷರು ಧನ್ಯವಾದ ಹೇಳಿ ಮುಂದಿನವರನ್ನು ಕರೆದರು.

ಆರು ವಾರಕ್ಕೆ ತೀರ್ಮಾನ ಬಂತು. ಹೋಲುವ ಅಕ್ಷರಗಳ ಬಗ್ಗೆ ಎಲ್ಲ ಲಿಪಿಗಳಲ್ಲೂ ಹೊಸ ಅಧ್ಯಯನ. ಅಲ್ಲಿಯವರೆಗೆ ಬಾಗಿಲು ತೆರೆಯುವುದಿಲ್ಲ. ಅವಧಿ ಕನಿಷ್ಠ ನಾಲ್ಕು ವರ್ಷ.

ಸಮಿತಿಯ ಕೊನೆಯ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ರಾಜೀನಾಮೆ ಕೊಟ್ಟು, ಕರಡಕ್ಕನ ಮುಖಕ್ಕೇ ಹೇಳಿದರು, "ನಾಲ್ಕು ವರ್ಷ ಬದುಕಿರ್ತೀನೋ ಇಲ್ವೋ, ನಿನ್ನ ಗೀಟು ಮಾತ್ರ ಸರಿಯಾಗಿರ್ಲಿ." ಸಂಪಾದಕರು ಅಷ್ಟು ಕಟುವಾಗಿ ಹೇಳಲಿಲ್ಲ. "ಸ್ವಲ್ಪ ಕಣ್ಣು ಮುಚ್ಕೊಂಡಿದ್ರೆ ಆಗ್ತಿತ್ತಲ್ಲಮ್ಮ" ಎಂದರು. ಮೇಷ್ಟ್ರು ಅಂದಿನಿಂದ ಕರಡಕ್ಕನ ಜೊತೆ ಮಾತು ಬಿಟ್ಟರು.

ಒಂದೇ ಮನೆ, ಒಂದೇ ಊಟದ ಮೇಜು, ಹದಿನಾಲ್ಕು ತಿಂಗಳು. ಇದನ್ನು ನನಗೆ ಹೇಳಿದವರು ಅವರ ಗಂಡ. ಬಸ್ಸಿಗೆ ಕಾಯುತ್ತ ಡಿಪೋದ ಕಿಟಕಿಯ ಹತ್ತಿರ ನಿಂತಿದ್ದಾಗ, ಕೇಳದೆಯೇ ಹೇಳಿದರು. "ಇವಳು ಎರಡು ಮೊಳ ದೂರದಲ್ಲಿರ್ತಾಳೆ. ಅಣ್ಣ ನನ್ನ ಕಡೆ ತಿರುಗಿ, ನೀರು ಬೇಕಂತೆ ಅಂತ ಹೇಳೋ ಅಂತಾನೆ. ಯಾರಿಗೆ ಬೇಕಂತೆ? ಅವನಿಗೇ. ನಗಬೇಕೋ ಅಳಬೇಕೋ ತಿಳಿಯಲ್ಲ." ಒಂದು ಬಸ್ಸಿನ ವೇಳೆ ಬರೆದುಕೊಂಡು ಮತ್ತೆ ಹೇಳಿದರು, "ಅವಳೂ ಸುಮ್ನಿರ್ತಾಳೆ. ನೀರು ತಂದಿಡ್ತಾಳೆ. ಅವನ ಮಾತ್ರೆ ಡಬ್ಬಿ ತುಂಬ್ತಾಳೆ. ಶರ್ಟಿಗೆ ಇಸ್ತ್ರಿ ಹಾಕ್ತಾಳೆ. ಒಂದ್ಸಲ ತಪ್ಪಾಯ್ತು ಅಂದ್ಬಿಡೇ ಅಂದೆ. ಯಾವುದು ತಪ್ಪು ಅಂತ ತೋರಿಸಿ, ಅಂತೀನಿ ಅಂದ್ಲು."

ಕಚೇರಿಯಲ್ಲೂ ಕರಡಕ್ಕ ಬದಲಾಗಿದ್ದರು. ಕೆಲಸದಲ್ಲಿ ಲೋಪವಿರಲಿಲ್ಲ. ಆದರೆ ತಿದ್ದಿದ ಪುಟದ ಅಂಚಿನಲ್ಲಿ ನನಗೆಂದು ಬರೆಯುತ್ತಿದ್ದ ತಮಾಷೆಯ ಸಾಲುಗಳು ನಿಂತವು. ಮಧ್ಯಾಹ್ನ ಒಬ್ಬರೇ ಕಪಾಟಿನ ಮರೆಯಲ್ಲಿ ಬುತ್ತಿ ಬಿಚ್ಚುತ್ತಿದ್ದರು.

ಒಂದು ಬೆಳಿಗ್ಗೆ ಮೇಷ್ಟ್ರು ಬಚ್ಚಲಲ್ಲಿ ಕುಸಿದರು. ಲಕ್ವ. ಬಲಗೈ ಹೋಯಿತು, ಮಾತು ಅರ್ಧ ಹೋಯಿತು. ಕರಡಕ್ಕ ಎರಡು ತಿಂಗಳು ರಜೆ ಹಾಕಿದರು. ಆಮೇಲೆ ಅರ್ಧ ದಿನ ಬರತೊಡಗಿದರು. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಮಿದ್ದ ಅನ್ನ ಚಮಚದಲ್ಲಿ ತಿನ್ನಿಸುವುದು ಎಲ್ಲ ಅವರೇ. ನಾನು ನೋಡಲು ಹೋದಾಗ ಮೇಷ್ಟ್ರು ನನ್ನನ್ನು ಗುರುತು ಹಿಡಿದು ಎಡಗೈಯ ಬೆರಳಿನಿಂದ ಮಂಚದ ಅಂಚಿನ ಮೇಲೆ ಕಟ್ಟಕಡ ಎಂದು ಬಡಿದರು. ತಂತಿಯ ಸಂಕೇತವಿರಬೇಕು. ನನಗೆ ಅದು ಬರುವುದಿಲ್ಲ. ಬರುತ್ತದೆ ಎಂಬಂತೆ ತಲೆಯಾಡಿಸಿದೆ.

ಒಂದು ಮಧ್ಯಾಹ್ನ ಅವರು ಸನ್ನೆ ಮಾಡಿ ಪಟ್ಟಿಯನ್ನು ತರಿಸಿಕೊಂಡರಂತೆ. ಇದನ್ನು ಕರಡಕ್ಕ ನನಗೆ ಹೇಳಿದ್ದು ಎಷ್ಟೋ ದಿನಗಳಾದ ಮೇಲೆ. ದಿಂಬಿಗೊರಗಿಸಿ ಕೂರಿಸಿ, ಕನ್ನಡಕ ಹಾಕಿ, ಪುಟಗಳನ್ನು ಕರಡಕ್ಕನೇ ಹಿಡಿದುಕೊಂಡರು. ಮೇಷ್ಟ್ರು ಒಂದೊಂದು ಜೋಡಿಯ ಮೇಲೂ ಬೆರಳಿಟ್ಟುಕೊಂಡು ಬಂದರು. ಅರವತ್ತಮೂರರ ಮೇಲೆ ಬೆರಳು ಬಹಳ ಹೊತ್ತು ನಿಂತಿತು.

"ತಪ್ಪಿಲ್ಲ" ಎಂದರು. ನಾಲಿಗೆ ಹೊರಳದೆ ಆ ಒಂದು ಪದಕ್ಕೇ ಬೆವರಿದ್ದರು. ಆಮೇಲೆ ಉಸಿರು ತೆಗೆದುಕೊಂಡು, "ಅದೇ... ಕಷ್ಟ."

ಕರಡಕ್ಕ ಕೇಳಿದರು, "ಕೋಪ ಇನ್ನೂ ಹೋಗಿಲ್ವಾ ಭಾವ?"

"ಇಲ್ಲ" ಎಂದರು ಮೇಷ್ಟ್ರು.

ಕೋಪ ಇಲ್ಲ ಎಂದರೋ, ಇನ್ನೂ ಹೋಗಿಲ್ಲ ಎಂದರೋ? ಮತ್ತೆ ಕೇಳಬೇಕೆನ್ನುವಷ್ಟರಲ್ಲಿ ಅವರಿಗೆ ಮಂಪರು ಹತ್ತಿತ್ತು. ಮಾರನೆಯ ದಿನ ಕೇಳಲು ಕರಡಕ್ಕನಿಗೆ ಧೈರ್ಯ ಬರಲಿಲ್ಲ. "ಕೇಳಿದ್ರೆ ಏನಾದ್ರೂ ಒಂದು ಗೊತ್ತಾಗ್ಬಿಡುತ್ತಲ್ಲ" ಎಂದರು ನನಗೆ. ಐದು ವಾರದ ಮೇಲೆ ಮೇಷ್ಟ್ರು ತೀರಿಕೊಂಡರು.

ನಾಲ್ಕು ವರ್ಷವೆಂದದ್ದು ಐದಕ್ಕೆ ಮುಗಿಯಿತು. ಬಾಗಿಲು ತೆರೆಯಿತು ಎಂಬ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಗ್ರಂಥಾಲಯದವರು ಊರು ಬಿಟ್ಟಿದ್ದರು, ಸಂಪಾದಕರು ನಿವೃತ್ತರಾಗಿದ್ದರು, ಮುಖ್ಯೋಪಾಧ್ಯಾಯಿನಿ ಕಾಗದಕ್ಕೆ ಉತ್ತರವನ್ನೇ ಬರೆಯಲಿಲ್ಲ. ಅರ್ಜಿಗೆ ಸಮಿತಿಯ ಪರವಾಗಿ ರುಜು ಹಾಕಲು ಉಳಿದವರು ಕರಡಕ್ಕ ಒಬ್ಬರೇ. ಮಂಡಳಿಯ ಹೊಸ ನಿಯಮಗಳು ಆರುನೂರು ಪುಟ. ಅನುಬಂಧವೊಂದರಲ್ಲಿ ನಾವು ಕೊಟ್ಟಿದ್ದ ಆ ಒಂದು ಸಾಲು ಇತ್ತು. ಕೊಟ್ಟವರ ಹೆಸರಿರಲಿಲ್ಲ. ಕರಡಕ್ಕ ಅದನ್ನು ಓದಿ, ಅಲ್ಪವಿರಾಮವೊಂದು ತಪ್ಪು ಜಾಗದಲ್ಲಿದೆ ಎಂದರು.

ಮತ್ತೂ ಒಂದೂವರೆ ವರ್ಷಕ್ಕೆ ಬಾಲ ಬಂತು. ನಿಘಂಟಿನ ವಿಳಾಸವನ್ನು ಹೊಸದಕ್ಕೆ ಬದಲಿಸಿದ್ದು ನಾನೇ. ಕಂಪ್ಯೂಟರಿನಲ್ಲಿ ತೆರೆಯಿತು. ಆದರೆ ಆ ಬಾಲವಿರುವ ಇಮೇಲ್ ವಿಳಾಸವನ್ನು ಎಲ್ಲಿ ಕೊಟ್ಟರೂ ತಕರಾರು. ವಿದ್ಯುತ್ ಕಚೇರಿಯ ಅರ್ಜಿಯಲ್ಲಿ ತುಂಬಿದರೆ, ದಯವಿಟ್ಟು ಸರಿಯಾದ ವಿಳಾಸ ಕೊಡಿ ಎಂದು ಕೆಂಪಕ್ಷರ ಮೂಡುತ್ತಿತ್ತು. ಬ್ಯಾಂಕಿನದೂ ಅದೇ, ಆಸ್ಪತ್ರೆಯದೂ ಅದೇ. ಯಂತ್ರಗಳಿಗೆ ಹಳೆಯ ಬಾಲಗಳಷ್ಟೇ ಗೊತ್ತು. ಆರು ತಿಂಗಳಲ್ಲಿ ಬಾಲ ತೆಗೆದುಕೊಂಡವರು ನೂರನ್ನೂ ದಾಟಲಿಲ್ಲ. ಅಷ್ಟು ಹೊತ್ತಿಗೆ ಜನ ವಿಳಾಸ ಟೈಪು ಮಾಡುವುದನ್ನೇ ಬಿಟ್ಟಿದ್ದರು. ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಹುಡುಕಿ ಕೊಡುತ್ತಿತ್ತು.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಗಂಡ ಒಳಗೆ ಮಲಗಿದ್ದರು. ಕರಡಕ್ಕ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಕೂದಲು ಪೂರಾ ನೆರೆತಿದೆ, ಕನ್ನಡಕ ದಪ್ಪಗಾಗಿದೆ. ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟೆ.

"ಅಕ್ಕ, ಅವತ್ತು ಆ ಜೋಡಿ ಬಿಟ್ಬಿಟ್ಟಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ" ಎಂದರು. "ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ." ಒದ್ದೆ ಟವೆಲ್ಲೊಂದನ್ನು ಕೊಡವಿದರು. "ಭಾವ ನೋಡ್ತಿದ್ರು."

ಬದುಕಿದ್ದಾಗಲೇ ಬಾಲ ಬಂದದ್ದನ್ನು ನೋಡಿರುತ್ತಿದ್ದರು ಎಂದು ಅರ್ಥ. ಬಕೆಟ್ಟಿನಲ್ಲಿ ಇನ್ನೂ ಬಟ್ಟೆಗಳಿದ್ದವು. ಒಂದೊಂದೇ ಹಿಂಡಿ ಅವರ ಕೈಗೆ ಕೊಡುತ್ತ ನಿಂತೆ.